ಎರಡೂ ಕಾಲಿಗೆ ಕಚ್ಚಿದ ಹಾವು

ಗುಡ್ಡದ ಮೇಲಿನ ನೀರಿನ ತೊಟ್ಟಿಗೆ ಇನ್ನೂರ ಹದಿನೆಂಟು ಮೆಟ್ಟಿಲು. ತೊಟ್ಟಿಯ ಪಕ್ಕದ ಗುಂಡಿಯಲ್ಲಿ ದೊಡ್ಡ ವಾಲ್ವ್ ಇದೆ. ಆಳೆತ್ತರದ ಕಬ್ಬಿಣದ ಕೀಲಿ ಸಿಕ್ಕಿಸಿ ಅದನ್ನು ಮೂವತ್ತನಾಲ್ಕು ಸುತ್ತು ತಿರುಗಿಸಿದರೆ ಕೆಳಗಿನ ಹನ್ನೊಂದು ಬೀದಿಗಳ ನಲ್ಲಿಗಳಲ್ಲಿ ನೀರು ಬರುತ್ತದೆ. ಬೆಳಗಿನ ಐದೂವರೆಗೆ ತೆರೆಯಬೇಕು, ಎಂಟಕ್ಕೆ ಮುಚ್ಚಬೇಕು. ಇಪ್ಪತ್ತಾರು ವರ್ಷ ಈ ಕೆಲಸ ಮಾಡಿದವರನ್ನು ಊರು ನೀರಣ್ಣ ಎಂದು ಕರೆಯುತ್ತದೆ. ಸಂಬಳದ ಪಟ್ಟಿಯಲ್ಲಿರುವ ಹೆಸರು ಅವರ ಹೆಂಡತಿಗೂ ಒಂದು ಕ್ಷಣ ಯೋಚಿಸಿದ ಮೇಲೆಯೇ ನೆನಪಾಗುತ್ತದೆ.

ಅವರಿಗೆ ಈಗ ಐವತ್ತನಾಲ್ಕು. ತೆಳ್ಳಗಿನ ಮೈ, ಐವತ್ತೆರಡು ಕಿಲೋ ತೂಕ. ಅಂಗೈ ಮಾತ್ರ ಬೇರೆ ಯಾರದೋ ದೊಡ್ಡ ಆಳಿನದನ್ನು ತಂದು ಜೋಡಿಸಿದ ಹಾಗಿದೆ. ಮಾತಾಡುವಾಗ ಎದುರಿನವರ ಮುಖ ನೋಡುತ್ತಿದ್ದವರು ಒಂದು ವರ್ಷದಿಂದ ಮೇಜಿನ ಅಂಚು ನೋಡುತ್ತ ಮಾತಾಡುತ್ತಾರೆ.

ಶುರುವಾದದ್ದು ಮೊಣಕಾಲಿನಿಂದ. ಒಂದು ಬೆಳಿಗ್ಗೆ ವಾಲ್ವ್ ಗುಂಡಿಗೆ ಇಳಿಯುವಾಗ ಪಾಚಿಯ ಮೇಲೆ ಜಾರಿ ಬಿದ್ದು ಬಲ ಮೊಣಕಾಲು ತಿರುಚಿಕೊಂಡಿತು. ಶಸ್ತ್ರಚಿಕಿತ್ಸೆ, ಮೂರು ತಿಂಗಳ ರಜೆ. ಮೊಣಕಾಲು ವಾಪಸು ಬಂತು, ದಮ್ಮು ಬರಲಿಲ್ಲ. ಮೊದಲು ಒಂದೇ ಉಸಿರಿಗೆ ಹತ್ತುತ್ತಿದ್ದ ಮೆಟ್ಟಿಲುಗಳಲ್ಲಿ ಈಗ ಐದು ಕಡೆ ಕೂರಬೇಕಾಯಿತು. ನೀರು ಇಪ್ಪತ್ತು ನಿಮಿಷ ತಡವಾಗತೊಡಗಿತು. ತಿರುವಿನ ಮನೆಯ ಅಜ್ಜಿ ಖಾಲಿ ಕೊಡ ಹಿಡಿದು ಗೇಟಿನಲ್ಲೇ ನಿಂತಿರುತ್ತಿದ್ದರು.

"ಏನು ನೀರಣ್ಣ, ಈಗ ನೀರು ಗುಡ್ಡ ಹತ್ತುತ್ತೆ, ನೀನು ಹತ್ತಲ್ವಂತೆ?"

ನೀರಣ್ಣ ನಕ್ಕು ಮುಂದೆ ಹೋದರು. ಮರುದಿನದಿಂದ ಅಜ್ಜಿಯ ಮನೆಯ ಮುಂದೆ ಹೋಗದೆ ಹಿಂದಿನ ಓಣಿಯಿಂದ ಗುಡ್ಡಕ್ಕೆ ಹೋದರು. ಅದರಿಂದ ಇನ್ನೂ ಐದು ನಿಮಿಷ ತಡವಾಯಿತು.

ಗುಡ್ಡದ ಕೆಲಸದಲ್ಲಿ ಅವರಿಗೆ ಒಬ್ಬ ಜೊತೆಗಾರ್ತಿ ಇದ್ದಳು. ಮೂವತ್ತನಾಲ್ಕು ವರ್ಷದವಳು, ಗುತ್ತಿಗೆ ನೌಕರಳು. ಕೆಳಗಿನ ಬೀದಿಗಳ ಚಿಕ್ಕ ವಾಲ್ವ್‌ಗಳನ್ನು ನೋಡಿಕೊಳ್ಳುವುದು, ಶನಿವಾರ ಶನಿವಾರ ಮೆಟ್ಟಿಲುಗಳ ಅಕ್ಕಪಕ್ಕದ ಪೊದೆ ಸವರುವುದು ಅವಳ ಪಾಲಿನ ಕೆಲಸ. ಆರು ವರ್ಷದ ಗುತ್ತಿಗೆ ಮುಗಿದು ಕಾಯಂ ಆಗುವ ಕಡತ ಆ ವರ್ಷವೇ ಮೇಲಕ್ಕೆ ಹೋಗಿತ್ತು. ಕೀಲಿ ಹಿಡಿಯುವುದನ್ನು ಅವಳಿಗೆ ಕಲಿಸಿದವರು ನೀರಣ್ಣನೇ.

"ಅಣ್ಣ, ನೀವು ಕೆಳಗೇ ಇರಿ. ನಾನು ಓಡಿ ಹೋಗಿ ತಿರುಗಿಸಿ ಬರ್ತೀನಿ."

"ನಿನ್ನ ಕೆಲಸ?"

"ಅದೆಲ್ಲಿಗೆ ಓಡಿ ಹೋಗುತ್ತೆ?"

ಹೀಗೆ ಎರಡು ತಿಂಗಳು ಅವಳು ಹತ್ತಿದಳು, ಹಾಜರಿ ಪುಸ್ತಕದಲ್ಲಿ ನೀರಣ್ಣ ಸಹಿ ಹಾಕಿದರು. ಯಾರೂ ಕೇಳಲಿಲ್ಲ. ಕೇಳದೆ ಇದ್ದದ್ದೇ ಹೆಚ್ಚು ಚುಚ್ಚುತ್ತಿತ್ತು ಎಂದು ಅವರು ಈಗ ಹೇಳುತ್ತಾರೆ.

ದೀರ್ಘ ರಜೆಯಿಂದ ಬಂದ ಐವತ್ತು ದಾಟಿದ ನೌಕರರಿಗೆ ನೀರು ಇಲಾಖೆಯಲ್ಲಿ ಒಂದು ಪರೀಕ್ಷೆಯಿದೆ. ಮೈದಾನದ ಸುತ್ತ ಹನ್ನೆರಡು ನಿಮಿಷದಲ್ಲಿ ಸಾವಿರದ ನೂರು ಮೀಟರ್ ನಡೆಯಬೇಕು. ಆಗದವರಿಗೆ ಕಚೇರಿಯ ಕೌಂಟರ್, ಗಾಜಿನ ಕಿಟಕಿ, ಅರ್ಜಿಗೆ ಒತ್ತುವ ಮುದ್ರೆ. ನೀರಣ್ಣ ಮೊದಲ ಸಲ ಎಂಟುನೂರ ಎಪ್ಪತ್ತು ಮೀಟರ್ ನಡೆದು ಸೊಂಟದ ಮೇಲೆ ಕೈಯಿಟ್ಟು ನಿಂತರು. ಎಂಜಿನಿಯರ್ ಗಡಿಯಾರ ನೋಡಿ, "ಆರು ವಾರ ಟೈಮ್ ಕೊಡ್ತೀನಿ. ಅಷ್ಟರೊಳಗೆ ನೋಡ್ಕೊಳ್ಳಿ" ಎಂದರು.

ಸರ್ಕಾರಿ ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ ಒಬ್ಬ ಫಿಸಿಯೋಥೆರಪಿಸ್ಟ್ ಇದ್ದರು. ಶಸ್ತ್ರಚಿಕಿತ್ಸೆಯ ನಂತರ ನೀರಣ್ಣನ ಮೊಣಕಾಲನ್ನು ಮಡಿಸಿ ಬಿಡಿಸಿ ಸರಿಮಾಡಿದವರು ಅವರೇ. ಓಡಿದರೆ ಮೊಣಕಾಲು ಊದುತ್ತದೆ, ಓಡದಿದ್ದರೆ ದಮ್ಮು ಬರುವುದಿಲ್ಲ ಎಂದು ನೀರಣ್ಣ ಗೋಳು ಹೇಳಿಕೊಂಡಾಗ ಆಕೆ ಕಪಾಟಿನಿಂದ ಎರಡು ಅಗಲವಾದ ಪಟ್ಟಿ ತೆಗೆದರು. ರಕ್ತದೊತ್ತಡ ನೋಡುವಾಗ ತೋಳಿಗೆ ಸುತ್ತುವಂಥದ್ದೇ, ಆದರೆ ತೊಡೆಗೆ ಆಗುವಷ್ಟು ದೊಡ್ಡದು.

"ಇದನ್ನ ತೊಡೆಯ ಬುಡಕ್ಕೆ ಸುತ್ತಿ ಗಾಳಿ ತುಂಬ್ತೀನಿ. ರಕ್ತ ಕಾಲಿಗೆ ಸ್ವಲ್ಪ ಹೋಗುತ್ತೆ, ವಾಪಸ್ ಬರೋದು ಕಷ್ಟವಾಗುತ್ತೆ. ಆಗ ನಿಧಾನವಾಗಿ ನಡೆದ್ರೂ ಕಾಲಿನ ಮಾಂಸಖಂಡಕ್ಕೆ ಆಮ್ಲಜನಕ ಸಾಲಲ್ಲ. ಗುಡ್ಡ ಹತ್ತುತ್ತಾ ಇದೀನಿ ಅಂತ ಅಂದ್ಕೊಳ್ಳುತ್ತೆ. ಹಾಗೇ ಗಟ್ಟಿಯಾಗುತ್ತೆ."

"ಅಂದ್ರೆ ಕಾಲಿಗೆ ಸುಳ್ಳು ಹೇಳೋದು."

ಆಕೆಗೆ ನಗು ಬಂತು. "ಹಾಗೇ ಅಂದ್ಕೊಳ್ಳಿ."

"ದಮ್ಮು ಬರುತ್ತಾ?"

"ಕೆಲವು ಅಧ್ಯಯನಗಳಲ್ಲಿ ಹೆಚ್ಚಿದೆ. ಎಲ್ಲರಿಗೂ ಒಂದೇ ಥರ ಹೆಚ್ಚುತ್ತೆ ಅಂತ ನಾನು ಬರೆದುಕೊಡಲ್ಲ. ಮೊಣಕಾಲಿಗೆ ಭಾರ ಬೀಳಲ್ಲ, ಅದಂತೂ ನಿಜ."

ಆಕೆ ಮೊದಲು ನೀರಣ್ಣನ ರಕ್ತದೊತ್ತಡ ನೋಡಿದರು. ಹಿಂದೆ ರಕ್ತ ಹೆಪ್ಪುಗಟ್ಟಿತ್ತೇ, ಕಾಲಿನ ನರ ಉಬ್ಬಿದೆಯೇ ಎಂದು ಕೇಳಿದರು. ಆಮೇಲೆ ಪಾದದ ಬಳಿ ಪುಟ್ಟ ಯಂತ್ರ ಹಿಡಿದು ನಾಡಿಯ ಸದ್ದು ಕೇಳುತ್ತ ಪಟ್ಟಿಗೆ ಗಾಳಿ ತುಂಬಿದರು. ಸದ್ದು ಪೂರ್ತಿ ನಿಂತ ಒತ್ತಡ ಎಷ್ಟೆಂದು ಬರೆದುಕೊಂಡು, ಅದರ ಅರ್ಧಕ್ಕೆ ಇಳಿಸಿದರು. ಮೂರು ನಿಮಿಷ ನಡಿಗೆ, ಗಾಳಿ ಬಿಟ್ಟು ಒಂದು ನಿಮಿಷ ವಿಶ್ರಾಂತಿ. ಹೀಗೆ ಐದು ಸುತ್ತು, ವಾರಕ್ಕೆ ಮೂರು ದಿನ.

ನೀರಣ್ಣ ಇದನ್ನು ಯಾವ ವೈದ್ಯನಿಗಿಂತಲೂ ಬೇಗ ಅರ್ಥಮಾಡಿಕೊಂಡರು, ಅಥವಾ ಹಾಗೆಂದು ಭಾವಿಸಿದರು. ಹಳೆಯ ವಾಲ್ವ್‌ನ ತಿರುಪು ಸವೆದಿರುತ್ತದೆ, ಗುರುತನ್ನು ನಂಬುವಂತಿಲ್ಲ. ಅರ್ಧ ನೀರು ಬಿಡಬೇಕೆಂದರೆ ಮೊದಲು ಪೂರ್ತಿ ಮುಚ್ಚಬೇಕು, ಕೊಳವೆಗೆ ಕಿವಿಯಿಟ್ಟು ಸದ್ದು ನಿಂತಿತೆಂದು ತಿಳಿದುಕೊಳ್ಳಬೇಕು, ಆಮೇಲೆ ಎಣಿಸುತ್ತ ಹಿಂದಕ್ಕೆ ಬರಬೇಕು. ಇಪ್ಪತ್ತಾರು ವರ್ಷ ಅವರು ದಿನಾ ಮಾಡಿದ್ದು ಇದನ್ನೇ. ಆ ಕೋಣೆಯಲ್ಲಿ ತನ್ನ ಕಾಲಿಗೆ ಯಾರೋ ತನ್ನದೇ ಕೆಲಸ ಮಾಡುತ್ತಿದ್ದಾರೆ ಎನ್ನಿಸಿ ಅವರಿಗೆ ಧೈರ್ಯ ಬಂತು. ಬೇಕಾದ್ದಕ್ಕಿಂತ ಹೆಚ್ಚೇ ಬಂತು.

ಎರಡು ವಾರ ಕಳೆದು ತಾವೇ ಮೈದಾನದಲ್ಲಿ ನಡೆದು ನೋಡಿದರು. ಒಂಬೈನೂರ ಮೂವತ್ತು. ಇನ್ನೂ ನೂರ ಎಪ್ಪತ್ತು ಮೀಟರ್ ಬಾಕಿ, ನಾಲ್ಕೇ ವಾರ.

"ದಿನಾ ಮಾಡಿದ್ರೆ?"

"ಬೇಡ. ವಾರಕ್ಕೆ ಮೂರೇ ದಿನ" ಎಂದರು ಫಿಸಿಯೋ. "ಗಡಿಬಿಡಿ ಮಾಡಿದ್ರೆ ಕಾಲು ಕೈಕೊಡುತ್ತೆ."

ನೀರಣ್ಣ ತಲೆಯಾಡಿಸಿದರು. ಮನೆಗೆ ಹೋಗುವ ದಾರಿಯಲ್ಲಿ ಸೈಕಲ್ ರಿಪೇರಿ ಅಂಗಡಿಯಲ್ಲಿ ಒಂದು ಹಳೆಯ ಟ್ಯೂಬ್ ಕೇಳಿ ತಂದರು. ಉದ್ದಕ್ಕೆ ಸೀಳಿ ಎರಡು ಪಟ್ಟಿ ಮಾಡಿದರು. ಜೊತೆಗಾರ್ತಿಗೆ, "ನಾಳೆಯಿಂದ ನಾನೇ ಹತ್ತುತ್ತೀನಿ, ಕಾಲು ಸರಿಹೋಯ್ತು" ಎಂದರು. ಅವಳಿಗೆ ಖುಷಿಯಾಯಿತು.

ಮೂರು ಬೆಳಿಗ್ಗೆ ಏನೂ ಆಗಲಿಲ್ಲ. ಮೊದಲ ಮೆಟ್ಟಿಲ ಬಳಿ ಬಂಡೆಯ ಮರೆಯಲ್ಲಿ ಪ್ಯಾಂಟ್ ಇಳಿಸಿ, ಟ್ಯೂಬ್ ಬಿಗಿದು, ಪಾದದ ನಾಡಿಗೆ ಬೆರಳಿಟ್ಟು ಬಡಿತ ನಿಲ್ಲುವವರೆಗೆ ಎಳೆದು, ಆಮೇಲೆ ಒಂದೂವರೆ ಸುತ್ತು ಸಡಿಲಿಸಿ, ಮೇಲೆ ಪ್ಯಾಂಟ್ ಏರಿಸಿಕೊಂಡು ಹತ್ತಿದರು. ತೊಡೆ ಉರಿಯಿತು. ಉರಿದಷ್ಟೂ ಒಳ್ಳೆಯದು ಎಂದುಕೊಂಡರು. ಅಂಗೈ ಅಗಲದ ಪಟ್ಟಿ ಬೇರೆ, ಎರಡು ಬೆರಳಗಲದ ರಬ್ಬರ್ ಬೇರೆ ಎಂಬುದು ಅವರ ಲೆಕ್ಕದಲ್ಲಿ ಇರಲಿಲ್ಲ. ನಡುವೆ ಬಿಚ್ಚಿ ವಿಶ್ರಾಂತಿ ಕೊಡುವುದೂ ಇರಲಿಲ್ಲ. ಬಿಚ್ಚಬೇಕೆಂದರೆ ಮೆಟ್ಟಿಲ ಮೇಲೆ ಬಟಾಬಯಲಲ್ಲಿ ಪ್ಯಾಂಟ್ ಇಳಿಸಬೇಕಿತ್ತು.

ನಾಲ್ಕನೆಯ ಬೆಳಿಗ್ಗೆ ನೂರ ನಲವತ್ತೊಂದನೇ ಮೆಟ್ಟಿಲಲ್ಲಿ ಎರಡೂ ಕಾಲು ತಮ್ಮವಲ್ಲ ಎನ್ನಿಸಿತು. ಕುಳಿತರು. ಪ್ಯಾಂಟ್ ಮೊಣಕಾಲಿನವರೆಗೆ ಇಳಿಸಿ ಗಂಟು ಬಿಚ್ಚಲು ನೋಡಿದರು. ಬೆವರಿಗೆ ರಬ್ಬರ್ ಕಚ್ಚಿಕೊಂಡಿತ್ತು. ಕಣ್ಣು ಕತ್ತಲೆ ಬಂದು ಹಿಂದಕ್ಕೆ ಒರಗಿದರು.

ಐದೂಮುಕ್ಕಾಲಾದರೂ ನಲ್ಲಿಯಲ್ಲಿ ನೀರು ಬಾರದ್ದು ನೋಡಿ ಜೊತೆಗಾರ್ತಿ ಗುಡ್ಡ ಹತ್ತಿ ಬಂದಳು. ಅವಳು ಕಂಡದ್ದು, ಪ್ಯಾಂಟ್ ಮೊಣಕಾಲಿಗಿಳಿದ, ಎರಡೂ ತೊಡೆಗೆ ರಬ್ಬರ್ ಬಿಗಿದುಕೊಂಡ, ಕಾಲು ನೀಲಿಗಟ್ಟಿದ ನೀರಣ್ಣನನ್ನು.

"ಅಯ್ಯೋ ಅಣ್ಣಾ! ಹಾವಾ?"

ಆ ಒಂದು ಕ್ಷಣವನ್ನು ನೀರಣ್ಣ ಹಲವು ಸಲ ಹಿಂದಕ್ಕೆ ತಿರುಗಿಸಿ ನೋಡಿದ್ದಾರೆ. ನಿಜ ಹೇಳಲು ಹೆಚ್ಚು ಮಾತೇನೂ ಬೇಕಿರಲಿಲ್ಲ. ಆದರೆ ಅವಳ ಕಣ್ಣಿನಲ್ಲಿ ಭಯ ಇತ್ತು, ಅಸಹ್ಯ ಇರಲಿಲ್ಲ. ಅದು ಹಾಗೇ ಉಳಿಯಲಿ ಎನ್ನಿಸಿತು.

"ಹೂಂ" ಎಂದರು.

ಅವಳು ಸೊಂಟಕ್ಕೆ ಸಿಕ್ಕಿಸಿದ್ದ ಪೊದೆ ಸವರುವ ಕತ್ತಿಯಿಂದ ಎರಡೂ ಟ್ಯೂಬ್ ಕತ್ತರಿಸಿದಳು. ಪ್ಯಾಂಟ್ ಮೇಲೆಳೆದು ಗುಂಡಿ ಹಾಕಿದಳು. ಬೆನ್ನಿಗೆ ಹಾಕಿಕೊಂಡು ನೂರ ನಲವತ್ತೊಂದು ಮೆಟ್ಟಿಲು ಇಳಿದಳು. ಆಟೋ ಹತ್ತಿಸಿ, ಮತ್ತೆ ಇನ್ನೂರ ಹದಿನೆಂಟು ಹತ್ತಿ ವಾಲ್ವ್ ತೆರೆದು, ಆಮೇಲೆ ಆಸ್ಪತ್ರೆಗೆ ಓಡಿದಳು.

ತುರ್ತು ವಿಭಾಗದ ವೈದ್ಯರು ಟಾರ್ಚ್ ಹಿಡಿದು ಪಾದದಿಂದ ಮೊಣಕಾಲಿನವರೆಗೆ ಹುಡುಕಿದರು.

"ಯಾವ ಕಾಲಿಗೆ ಕಚ್ಚಿದ್ದು?"

"ಎಡಗಾಲು."

"ಮತ್ತೆ ಬಲಗಾಲಿಗೆ ಯಾಕೆ ಕಟ್ಟಿದ್ರಿ?"

"ಮುನ್ನೆಚ್ಚರಿಕೆ."

ದಾದಿ ಮುಖ ಆಚೆ ತಿರುಗಿಸಿದಳು. ರಕ್ತವನ್ನು ಗಾಜಿನ ಕೊಳವೆಯಲ್ಲಿ ಇಪ್ಪತ್ತು ನಿಮಿಷ ಇಟ್ಟು ನೋಡಿದರು. ಕೆಲವು ಹಾವಿನ ವಿಷವಿದ್ದರೆ ಹೆಪ್ಪುಗಟ್ಟುವುದಿಲ್ಲ, ಇದು ಸರಿಯಾಗಿ ಹೆಪ್ಪುಗಟ್ಟಿತು. ಹಲ್ಲಿನ ಗುರುತೂ ಇಲ್ಲ, ವಿಷದ ಲಕ್ಷಣವೂ ಇಲ್ಲ. ಆದರೂ ಒಂದು ದಿನ ಇಟ್ಟುಕೊಂಡು ನೋಡೋಣ ಎಂದು ವಾರ್ಡಿಗೆ ಕಳಿಸಿದರು. ಹೊರಗೆ ಬೆಂಚಿನ ಮೇಲೆ ಜೊತೆಗಾರ್ತಿ ಮಧ್ಯಾಹ್ನದವರೆಗೆ ಕುಳಿತಿದ್ದಳು.

ಸುದ್ದಿ ಕೇಳಿ ಫಿಸಿಯೋ ಬಂದರು. ಹೊದಿಕೆ ಸರಿಸಿ ತೊಡೆಯ ಮೇಲಿನ ಕೆಂಪು ಬರೆ ನೋಡಿದರು. ಬೆರಳಿನಿಂದ ಅದರ ಅಗಲ ಅಳೆದರು.

"ಎಷ್ಟು ದಿನದಿಂದ ಕಟ್ಕೋತಿದ್ರಿ?"

ನೀರಣ್ಣ ಹೊದಿಕೆಯನ್ನು ಮತ್ತೆ ಎಳೆದುಕೊಂಡರು.

"ರಕ್ತನಾಳದಲ್ಲಿ ಗಡ್ಡೆ ಕಟ್ಟಿದ್ರೆ ಜೀವಕ್ಕೇ ಬರುತ್ತೆ. ವೈದ್ಯರಿಗೆ ನಾನು ಹೇಳ್ಲೇಬೇಕು, ಸ್ಕ್ಯಾನ್ ಮಾಡಿಸ್ಬೇಕು. ಉಳಿದವರಿಗೆ ಹೇಳೋದು ನನ್ನ ಕೆಲಸ ಅಲ್ಲ." ಬಾಗಿಲ ಬಳಿ ನಿಂತು ಮತ್ತೆ ಹೇಳಿದರು. "ನಿಮ್ಮ ಕಾಲು ಸುಧಾರಿಸ್ತಾ ಇತ್ತು. ಅರವತ್ತು ಮೀಟರ್ ಅಂದ್ರೆ ಎರಡು ವಾರಕ್ಕೆ ಚೆನ್ನಾಗೇ ಇತ್ತು."

ಸ್ಕ್ಯಾನಿನಲ್ಲಿ ಗಡ್ಡೆ ಇರಲಿಲ್ಲ. ಅಷ್ಟರಲ್ಲಿ ಊರಿನಲ್ಲಿ ಹಾವು ಬೆಳೆದಿತ್ತು. ಹತ್ತು ಗಂಟೆಗೆ ಅದು ಬರೀ ಹಾವು, ಮಧ್ಯಾಹ್ನಕ್ಕೆ ನಾಗರ, ಎರಡೂ ಕಾಲಿನ ವಿಷಯ ಗೊತ್ತಾದ ಮೇಲೆ ಜೋಡಿ ನಾಗರ. ಸಂಜೆ ಏಳೆಂಟು ಮಂದಿ ದೊಣ್ಣೆ ಹಿಡಿದು ಗುಡ್ಡಕ್ಕೆ ಹೋದರು.

ತೊಟ್ಟಿಯ ಹಿಂಬದಿಯ ಕಲ್ಲಿನ ಸಂದಿನಲ್ಲಿ ಒಂದು ಕೇರೆ ಹಾವು ಇತ್ತು. ಎಷ್ಟೋ ವರ್ಷದಿಂದ ಇತ್ತು. ನೀರಿನ ಮಟ್ಟ ತೋರಿಸುವ ಯಂತ್ರದ ತಂತಿಯನ್ನು ಇಲಿ ಕಡಿಯದಂತೆ ಕಾಯುವುದು ಅದೇ ಎಂದು ನೀರಣ್ಣ ಎಲ್ಲರಿಗೂ ಹೇಳುತ್ತಿದ್ದರು. ಅದಕ್ಕೆ ಮೇಲಧಿಕಾರಿ ಎಂದು ಹೆಸರಿಟ್ಟಿದ್ದರು. ಬೆಳಗಿನ ಬಿಸಿಲಿಗೆ ಅದು ಕಲ್ಲಿನ ಮೇಲೆ ಚಾಚಿಕೊಂಡಾಗ, "ಸಾಹೇಬರು ಬಂದಿದಾರೆ, ಸದ್ದು ಮಾಡಬೇಡ" ಎಂದು ಜೊತೆಗಾರ್ತಿಗೆ ಹೇಳುತ್ತಿದ್ದರು.

ದೊಣ್ಣೆ ಹಿಡಿದವರಲ್ಲೊಬ್ಬ ವಾರ್ಡಿಗೆ ಬಂದು ಫೋನಿನಲ್ಲಿ ಚಿತ್ರ ತೋರಿಸಿದ. "ಇದೇನಾ ನೀರಣ್ಣ?"

ಚಿತ್ರದಲ್ಲಿ ಮೇಲಧಿಕಾರಿಯ ತಲೆ ಇರಲಿಲ್ಲ. ನೀರಣ್ಣ ಫೋನನ್ನು ಅವನ ಕೈಗೆ ವಾಪಸು ಕೊಟ್ಟರು.

"ಇರಬಹುದು" ಎಂದರು.

ಮನೆಗೆ ಬಂದ ಮರುದಿನ ಹೆಂಡತಿ ಬಚ್ಚಲಿನ ಅಟ್ಟದ ಮೇಲಿಂದ ಉಳಿದ ಟ್ಯೂಬಿನ ತುಂಡು ಮತ್ತು ಕತ್ತರಿ ತಂದು ಅವರ ತಟ್ಟೆಯ ಪಕ್ಕದಲ್ಲಿ ಇಟ್ಟರು.

"ಹಾವು ಮನೇಲೇ ಇತ್ತು, ನೋಡಿ."

"ಯಾರಿಗಾದ್ರೂ ಹೇಳಿದ್ಯಾ?"

"ನಾನ್ಯಾಕೆ ಹೇಳ್ಲಿ? ಕಚ್ಚಿಸ್ಕೊಂಡೋರು ನೀವು."

ಅಲ್ಲಿಗೇ ಮುಗಿದಿದ್ದರೆ ನೀರಣ್ಣ ಆ ಸುಳ್ಳನ್ನು ಹೊಟ್ಟೆಗೆ ಹಾಕಿಕೊಂಡು ಬದುಕಿಬಿಡುತ್ತಿದ್ದರೇನೋ. ಹಾಗೆಂದು ಅವರೇ ಹೇಳುತ್ತಾರೆ. ಆದರೆ ಹಾವು ಕಚ್ಚಿತೆಂದರೆ ಪೊದೆ ಇತ್ತು, ಪೊದೆ ಇತ್ತೆಂದರೆ ಸವರಿರಲಿಲ್ಲ. ಮುಂದಿನ ವಾರ ಜೊತೆಗಾರ್ತಿಗೆ ನೋಟಿಸ್ ಬಂತು. ಕರ್ತವ್ಯದಲ್ಲಿ ಲೋಪ, ಸಹೋದ್ಯೋಗಿಯ ಪ್ರಾಣಕ್ಕೆ ಅಪಾಯ, ಹದಿನೈದು ದಿನದೊಳಗೆ ಉತ್ತರ ಕೊಡಬೇಕು. ಕಾಯಂ ಮಾಡುವ ಕಡತವನ್ನು ಅಲ್ಲಿಯವರೆಗೆ ತಡೆಹಿಡಿಯಲಾಗಿದೆ.

ಅವಳು ಆ ಕಾಗದ ಹಿಡಿದು ನೀರಣ್ಣನ ಮನೆಗೇ ಬಂದಳು. ದೂರಲು ಅಲ್ಲ, ಉತ್ತರ ಹೇಗೆ ಬರೆಯಬೇಕೆಂದು ಕೇಳಲು.

"ಶನಿವಾರ ಸವರಿದ್ದೆ ಅಣ್ಣ. ಎಡಗಡೆ ಒಂದು ಕಡೆ ಕಲ್ಲಿದೆ ಅಂತ ಬಿಟ್ಟಿದ್ದೆ. ಅಲ್ಲಿಂದಲೇ ಬಂದಿರ್ಬೇಕು. ನನ್ನದೇ ತಪ್ಪು ಅನ್ಸುತ್ತೆ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಹೆಂಡತಿ ಕಿವಿ ಕೊಟ್ಟಿದ್ದರು. ನೀರಣ್ಣ ನೋಟಿಸನ್ನು ಎರಡು ಸಲ ಓದಿದರು. "ನೋಡೋಣ, ಇನ್ನೂ ಟೈಮ್ ಇದೆ" ಎಂದು ಅವಳನ್ನು ಕಳಿಸಿದರು. ನಿಜ ಹೇಳಿದರೆ ಏನಾಗುತ್ತದೆಂದು ಅವರಿಗೆ ಗೊತ್ತಿತ್ತು. ಅಸ್ವಸ್ಥತೆ ಮುಚ್ಚಿಟ್ಟು ಗುಡ್ಡದ ಕೆಲಸ ಮಾಡಿದವರಿಗೆ ಪರೀಕ್ಷೆಯ ಅವಕಾಶವೂ ಇಲ್ಲ, ನೇರ ಕೌಂಟರ್. ಹಾಗೆಂದು ನಿಯಮದ ಪುಸ್ತಕದಲ್ಲೇ ಇತ್ತು. ಹೇಳದಿದ್ದರೆ ಗುಡ್ಡ ಉಳಿಯಬಹುದು, ಅವಳ ಕೆಲಸ ಹೋಗುತ್ತದೆ. ಇಷ್ಟು ಸರಳವಾದ ಲೆಕ್ಕಕ್ಕೆ ಅವರು ಹದಿಮೂರು ದಿನ ತೆಗೆದುಕೊಂಡರು. ಆ ಹದಿಮೂರು ದಿನದ ಬಗ್ಗೆ ಕೇಳಿದರೆ ಎದ್ದು ನೀರು ಕುಡಿದು ಬರುತ್ತಾರೆ.

ಹದಿನಾಲ್ಕನೆಯ ದಿನ ಪರೀಕ್ಷೆ ಇತ್ತು. ಮೈದಾನದಲ್ಲಿ ಎಂಜಿನಿಯರ್, ಗುಮಾಸ್ತ, ಬೇರೆ ವಿಭಾಗಗಳ ಒಂಬತ್ತು ಮಂದಿ ನೌಕರರು. ಜೊತೆಗಾರ್ತಿಯೂ ಬಂದಿದ್ದಳು, ಅಣ್ಣ ಪಾಸಾಗುವುದನ್ನು ನೋಡಲು. ನೀರಣ್ಣ ಗೆರೆಯ ಬಳಿ ನಿಲ್ಲದೆ ನೇರ ಎಂಜಿನಿಯರ್ ಮುಂದೆ ನಿಂತು ಜೇಬಿನಿಂದ ಟ್ಯೂಬಿನ ತುಂಡು ತೆಗೆದರು.

"ಸಾರ್, ಹಾವು ಕಚ್ಚಿಲ್ಲ. ಇದನ್ನ ನಾನೇ ಕಟ್ಕೊಂಡಿದ್ದೆ."

"ಏನು?"

"ದಮ್ಮು ಬರ್ಲಿ ಅಂತ. ಆಸ್ಪತ್ರೇಲಿ ಸರಿಯಾಗಿ ಮಾಡಿಸ್ತಿದ್ರು. ನಾನು ಮನೇಲಿ ತಪ್ಪಾಗಿ ಮಾಡ್ದೆ. ಪೊದೆ ಇರ್ಲಿಲ್ಲ. ಆಕೆ ಪ್ರತಿ ಶನಿವಾರ ಸವರಿದ್ದಾಳೆ. ಅದಕ್ಕೂ ಮುಂಚೆ ಎರಡು ತಿಂಗಳು ನನ್ನ ಬದಲು ಗುಡ್ಡ ಹತ್ತಿದ್ದಾಳೆ. ಸಹಿ ಮಾತ್ರ ನನ್ನದು."

ಯಾರೋ ಹಿಂದೆ ಕಿಸಕ್ಕೆಂದರು. "ಎರಡೂ ಕಾಲಿಗೆ ಕಚ್ಚಿದಾಗಲೇ ನನಗೆ ಡೌಟ್ ಬಂದಿತ್ತು" ಎಂದಿತು ಇನ್ನೊಂದು ದನಿ.

ಎಂಜಿನಿಯರ್ ಟ್ಯೂಬನ್ನು ಮುಟ್ಟಲಿಲ್ಲ. "ಈ ವಯಸ್ಸಲ್ಲಿ ನಾಚಿಕೆ ಆಗಲ್ವೇನ್ರೀ ನಿಮಗೆ?"

"ಅದೇ ಆಗಿ ಹೀಗಾಯ್ತು ಸಾರ್."

ಈ ಸಲ ಯಾರೂ ನಗಲಿಲ್ಲ. ನೀರಣ್ಣ ತಿರುಗಿ ನೋಡಿದಾಗ ಜೊತೆಗಾರ್ತಿ ಮೈದಾನದ ಗೇಟು ದಾಟುತ್ತಿದ್ದಳು.

ಒಂಬತ್ತು ದಿನ ಅವಳು ಮಾತಾಡಲಿಲ್ಲ. ಹತ್ತನೆಯ ದಿನ, ನೋಟಿಸ್ ವಾಪಸಾದ ಮೇಲೆ, ಕೌಂಟರಿನ ಗಾಜಿನ ಆಚೆ ಬಂದು ನಿಂತಳು. ಒಳಗೆ ನೀರಣ್ಣ ಹೊಸ ನಲ್ಲಿ ಸಂಪರ್ಕದ ಅರ್ಜಿಗಳಿಗೆ ಮುದ್ರೆ ಒತ್ತುತ್ತಿದ್ದರು.

"ನೋಟಿಸ್‌ಗೆ ನನಗೆ ಬೇಜಾರಿಲ್ಲ ಅಣ್ಣ. ನಿಮ್ಮನ್ನ ಹೊತ್ಕೊಂಡು ಇಳಿಯುವಾಗ ನಾನು ಅಳ್ತಾ ಇದ್ದೆ. ನಿಮಗೆ ಕೇಳಿಸ್ತಿತ್ತಾ?"

ನೀರಣ್ಣ ಮುದ್ರೆಯನ್ನು ಕೆಳಗಿಟ್ಟರು.

"ಕೇಳಿಸ್ತಿತ್ತು."

"ಅಷ್ಟೇ ಕೇಳಕ್ಕೆ ಬಂದೆ" ಎಂದು ಹೊರಟುಹೋದಳು.

ಅವಳು ಕಾಯಂ ಆದಳು. ಗುಡ್ಡ ಈಗ ಅವಳದು. ನೀರಣ್ಣನ ಕಾಲಿನ ಬರೆ ಮಾಸಿದ ಮೇಲೆ ಫಿಸಿಯೋ ಅವರನ್ನು ಮತ್ತೆ ಕೋಣೆಗೆ ಕರೆದರು. ಗಾಳಿ ತುಂಬುವ ಪಟ್ಟಿ ತಮ್ಮ ಕಣ್ಣೆದುರೇ ಇರಬೇಕು ಎಂಬ ಕರಾರಿನ ಮೇಲೆ. ವಾರಕ್ಕೆ ಮೂರು ದಿನ, ನಿಧಾನ ನಡಿಗೆ, ಅರ್ಧ ಒತ್ತಡ. ಮೂರು ತಿಂಗಳ ಕೊನೆಗೆ ಹನ್ನೆರಡು ನಿಮಿಷದಲ್ಲಿ ಸಾವಿರದ ನೂರ ಮೂವತ್ತು ಮೀಟರ್ ನಡೆದರು. ಪಟ್ಟಿಯಿಂದಲೋ, ದಿನಾ ಕಚೇರಿಗೆ ನಡೆದು ಹೋಗುವುದರಿಂದಲೋ, ಎರಡರಿಂದಲೋ ಹೇಳಲಾರೆ ಎಂದರು ಫಿಸಿಯೋ. ಆ ಅಂಕಿಯನ್ನು ಕೇಳುವವರು ಇಲಾಖೆಯಲ್ಲಿ ಯಾರೂ ಇರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ನೀರಣ್ಣ ಅಜ್ಜಿಯ ಮನೆಯ ಮುಂದಿನ ದಾರಿಯಲ್ಲೇ ಗುಡ್ಡಕ್ಕೆ ಹೋದರು. ಅಜ್ಜಿ ಗೇಟಿನಲ್ಲಿದ್ದರು. "ಹುಷಾರಪ್ಪ, ಹಾವಿದೆಯಂತೆ" ಎಂದರು. ನೀರಣ್ಣ ತಲೆತಗ್ಗಿಸಿ ನಡೆದರು. ಎರಡೇ ಕಡೆ ನಿಂತು ಇನ್ನೂರ ಹದಿನೆಂಟೂ ಹತ್ತಿದರು.

ಜೊತೆಗಾರ್ತಿ ತೊಟ್ಟಿಯ ಹಿಂದೆ ಕುಕ್ಕರಗಾಲಲ್ಲಿ ಕುಳಿತಿದ್ದಳು. ಮಟ್ಟ ತೋರಿಸುವ ಯಂತ್ರದ ತಂತಿ ಅವಳ ಕೈಯಲ್ಲಿತ್ತು. ನಾಲ್ಕು ಕಡೆ ಹೊದಿಕೆ ಕಿತ್ತು ತಾಮ್ರ ಕಾಣುತ್ತಿತ್ತು.

"ಇಲಿ" ಎಂದಳು, ತಲೆಯೆತ್ತದೆ. "ಈ ತಿಂಗಳು ಇದು ಎರಡನೇ ಸಲ. ತಂತಿಗೆ ಸುತ್ತಕ್ಕೆ ಏನಾದ್ರೂ ಇದ್ಯಾ ಅಣ್ಣ?"

"ಮನೇಲಿ ಟ್ಯೂಬ್ ಇದೆ."

ಹೇಳಿದ ಮೇಲೆಯೇ ಅವರಿಗೆ ತಾವೇನು ಹೇಳಿದೆವೆಂದು ತಿಳಿಯಿತು. ಅವಳು ನಕ್ಕಳು. ತಡೆಯಲಾರದೆ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ನೀರಣ್ಣ ನಗಲಿಲ್ಲ. ಬಿಸಿಲು ಆಗಲೇ ಮೇಲಧಿಕಾರಿಯ ಕಲ್ಲಿನ ಮೇಲೆ ಬಿದ್ದಿತ್ತು. ಬರಿಯ ಕಲ್ಲು. ಅವರು ಟ್ಯೂಬ್ ತರಲು ಮೆಟ್ಟಿಲಿಳಿದರು.